ಜನರನ್ನು ಬಿಟ್ಟು ಹೋಗುವ ಹಳದಿ ಬಸ್ಸು

ಕಾರ್ಕಳದಿಂದ ಉಡುಪಿಗೆ ನಾನು ಬಹಳ ವರ್ಷ ಖಾಸಗಿ ಬಸ್ಸು ಓಡಿಸಿದ್ದೇನೆ. ಹಿರಿಯಡ್ಕ, ಪರ್ಕಳ, ಮಣಿಪಾಲ, ಕಡಿಯಾಳಿ, ಆಮೇಲೆ ಉಡುಪಿ. ಆ ದಾರಿಯ ತಿರುವುಗಳೆಲ್ಲ ನನಗೆ ಜಪಸರದ ಮಣಿಗಳಷ್ಟೇ ಬಾಯಿಪಾಠ. ಅಲ್ಲಿ ಸ್ಟೇರಿಂಗ್ ಹಿಡಿಯುವವನು ಗೇರು ಹಾಕಲು ಕಲಿಯುವ ಮೊದಲೇ ಅನುಮಾನಪಡಲು ಕಲಿಯುತ್ತಾನೆ. ನನ್ನ ಮುಂದಿನ ಬಸ್ಸಿನವನು ಸ್ಟ್ಯಾಂಡಿನಿಂದ ಸಮಯಕ್ಕೆ ಸರಿಯಾಗಿ ಹೊರಡುತ್ತಾನೆ. ಟೈಮ್ ಕೀಪರನ ಕಣ್ಣೆದುರು ಭಾರಿ ಸಾಚಾ. ಊರು ದಾಟಿದ ಮೇಲೆ ಮದುವೆ ದಿಬ್ಬಣದವರ ಹಾಗೆ ತೆವಳುತ್ತಾನೆ. ನನ್ನ ಸಮಯಕ್ಕೆಂದು ಬಂದು ನಿಂತವರನ್ನೆಲ್ಲ ಒಬ್ಬೊಬ್ಬರಾಗಿ ಹತ್ತಿಸಿಕೊಂಡು, ಬಸ್ಸು ತುಂಬಿದ ಮೇಲೆ ಕಿತ್ತುಕೊಂಡು ಓಡುತ್ತಾನೆ. ಹಿಂದೆ ಬರುವ ನಾನು ಖಾಲಿ ಸೀಟು ಹೊತ್ತುಕೊಂಡು ಉಡುಪಿ ಸೇರಬೇಕು, ಸಂಜೆ ಧಣಿಯಿಂದ ಬೈಸಿಕೊಳ್ಳಬೇಕು. ನಾನೇನು ಕಡಿಮೆಯೇ? ನನ್ನ ಹಿಂದಿನವನಿಗೆ ನಾನೂ ಇದನ್ನೇ ಮಾಡುತ್ತಿದ್ದೆ. ಇದನ್ನು ಯಾರೂ ಪಾಪ ಎನ್ನುವುದಿಲ್ಲ, ಬಸ್ಸಿನ ಲೈನು ಎಂದರೇ ಹೀಗೆ ಎನ್ನುತ್ತಾರೆ. ಇಗರ್ಜಿಯಲ್ಲಿ ಪಾಪನಿವೇದನೆಗೆ ಮೊಣಕಾಲೂರಿದಾಗಲೂ ಇದನ್ನು ಹೇಳಬೇಕೆಂದು ನನಗೆ ತೋರಿದ್ದಿಲ್ಲ.

ಹೀಗಿರುವಾಗ ನನ್ನ ಮುಂದಿನ ಹಳದಿ ಬಸ್ಸಿಗೆ ಹೊಸ ಡ್ರೈವರ್ ಬಂದ. ನನ್ನ ಬಸ್ಸು ನೀಲಿ, ಅದರ ಧಣಿ ಬೇರೆ. ಹೊಸಬ ಕಾಪು ಕಡೆಯವನು, ನಮ್ಮವನೇ, ಕೊಂಕಣಿ ಮಾತಾಡುವ ಕ್ರಿಸ್ತುವ. ಗಲ್ಫಿನಲ್ಲಿ ಯಾವುದೋ ಕಂಪನಿಯ ಬಸ್ಸು ಓಡಿಸಿ ಬಂದವನಂತೆ. ಮನೆಯಲ್ಲಿ ಮಲ್ಲಿಗೆ ಬೆಳೆಯುತ್ತಾರಂತೆ. ಪರ್ಕಳದಲ್ಲಿ ಬಾಡಿಗೆ ಕೋಣೆ ಹಿಡಿದಿದ್ದ. ಮೊದಲ ವಾರದಲ್ಲೇ ನನ್ನ ಕಂಡಕ್ಟರ್ ತಲೆ ಕೆರೆದುಕೊಂಡ. ಅವನು ಬಾಗಲಕೋಟೆ ಕಡೆಯವನು, ಬಾಯಿ ಜೋರು.

"ಆ ಮನಷ್ಯಾಗ ಏನಾಗೇದ ಅಂತೀನ್ರಿ! ಹಿರಿಯಡ್ಕದಾಗ ಮಂದಿ ಕೈ ಮಾಡಾಕತ್ತಿದ್ರು. ಬಿಟ್ಟು ಹೊಂಟ. ನಮಗಂತ ಬಿಟ್ಟು ಹೊಂಟ ನೋಡ್ರಿ!"

ನಿಜ. ಅವನು ತೆವಳುತ್ತಿರಲಿಲ್ಲ. ತನ್ನ ಸಮಯಕ್ಕೆ ಬಂದು, ನಿಂತಷ್ಟು ಜನರನ್ನು ಹತ್ತಿಸಿಕೊಂಡು, ತನ್ನ ಸಮಯಕ್ಕೆ ಹೋಗಿಬಿಡುತ್ತಿದ್ದ. ಕೋಲು ಹಿಡಿದ ಮುದುಕರು ಕಂಡರೆ ಕಾಯುತ್ತಿದ್ದ. ಹೊರಟ ಮೇಲೆ ಬಂದು ಕೈ ಮಾಡಿದವರಿಗೆ ಕಿಟಕಿಯಿಂದ ಕೈ ಹೊರಗೆ ಹಾಕಿ, ಹಿಂದೆ ನೀಲಿ ಬಸ್ಸು ಉಂಟು ಎಂದು ಸನ್ನೆ ಮಾಡುತ್ತಿದ್ದ. ನನ್ನ ಬಸ್ಸು ತುಂಬತೊಡಗಿತು. ಸಂಜೆ ಧಣಿ ಬೈಯುವುದನ್ನು ನಿಲ್ಲಿಸಿದ. ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ದಾರಿಯಲ್ಲಿ ಹೋಗುವವನು ಸುಮ್ಮನೆ ಬಂದು ನನ್ನ ಬುತ್ತಿಗೆ ಮೀನಿನ ತುಂಡು ಹಾಕಿ ಹೋದರೆ ನಾನು ಮೊದಲು ಮೂಸಿ ನೋಡುವವನು.

ಏನಿರಬಹುದು ಇವನ ಹುನ್ನಾರ? ಮೊದಲು ಅನ್ನಿಸಿದ್ದು, ನಾನು ಅಜಾಗರೂಕನಾಗಲಿ ಎಂದು ಕಾಯುತ್ತಿದ್ದಾನೆ, ಹಬ್ಬದ ಸೀಸನ್ ಬಂದಾಗ ಒಮ್ಮೆಲೇ ಗುಡಿಸಿಕೊಳ್ಳುತ್ತಾನೆ ಎಂದು. ಹಬ್ಬ ಬಂತು, ಹೋಯಿತು, ಅವನು ಗುಡಿಸಲಿಲ್ಲ. ಆಮೇಲೆ, ನನ್ನನ್ನು ಯಾವುದೋ ಪ್ರಾರ್ಥನಾ ಕೂಟಕ್ಕೆ ಎಳೆಯಲು ಹೊರಟಿದ್ದಾನೆ ಎಂದುಕೊಂಡೆ. ಗಲ್ಫಿನಿಂದ ಬಂದವರಲ್ಲಿ ಕೆಲವರಿಗೆ ಆ ಹುಚ್ಚು ಹಿಡಿದಿರುತ್ತದೆ. ಅವನು ಯಾವ ಕೂಟಕ್ಕೂ ಕರೆಯಲಿಲ್ಲ. ನನ್ನ ಮಗಳು ಮಣಿಪಾಲದಲ್ಲಿ ಲ್ಯಾಬ್ ಟೆಕ್ನೀಷಿಯನ್, ಮದುವೆಗೆ ಬಂದವಳು. ಅವನಿಗೊಬ್ಬ ಮಗ ಇದ್ದಾನೆಂದು ಕೇಳಿದ ದಿನ ಎಲ್ಲ ಅರ್ಥವಾಯಿತೆಂದು ಹೆಂಡತಿಗೆ ಗೆದ್ದವನ ಹಾಗೆ ಹೇಳಿದೆ. ಅವಳು ಕಾಪುವಿನ ತನ್ನ ಅಕ್ಕನಿಗೆ ಫೋನು ಮಾಡಿ ವಿಚಾರಿಸಿದಳು. ಮಗ ಸೆಮಿನರಿಯಲ್ಲಿ ಪಾದ್ರಿಯಾಗಲು ಓದುತ್ತಿದ್ದ, ಮದುವೆಯಾಗುವವನೇ ಅಲ್ಲ.

"ಮನುಷ್ಯ ಒಳ್ಳೆಯವನೇ ಆಗಿರಬಹುದಲ್ವಾ?" ಎಂದಳು ಹೆಂಡತಿ.

"ಬಸ್ಸಿನ ಲೈನಿನಲ್ಲಿ?" ಎಂದೆ.

"ಮತ್ತೆ ಎಲ್ಲಿ? ಇಗರ್ಜಿಯಲ್ಲಿ ಮಾತ್ರವಾ?"

ಅವಳಿಗೇನು, ಹೇಳುತ್ತಾಳೆ. ಅವಳು ಬಸ್ಸು ಓಡಿಸಿದವಳಲ್ಲ.

ಕೊನೆಗೆ ತಡೆಯಲಾರದೆ ಒಂದು ಭಾನುವಾರ ಸಂಜೆ ಅವನ ಕೋಣೆಗೇ ಹೋದೆ. ಪರ್ಕಳದಲ್ಲಿ ಅಂಗಡಿ ಸಾಲಿನ ಹಿಂದೆ, ಮೇಲಿನ ಮಹಡಿ. ಅವನು ಖಾಕಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದ. ಒಲೆಯ ಮೇಲೆ ಕುಚ್ಚಲಕ್ಕಿ ಗಂಜಿ ಕುದಿಯುತ್ತಿತ್ತು. ನನ್ನನ್ನು ಕಂಡು ಅವನಿಗೆ ಆಶ್ಚರ್ಯವಾಗಲಿಲ್ಲ. ಅದೂ ನನಗೆ ಸರಿ ಕಾಣಲಿಲ್ಲ. ಚಹಾ ಮಾಡಿದ. ಅವನು ಬೆನ್ನು ತಿರುಗಿಸಿದಾಗ ನಾನು ಕೋಣೆಯನ್ನೆಲ್ಲ ಕಣ್ಣಲ್ಲೇ ಜಾಲಾಡಿದೆ. ಒಂದು ಮಂಚ, ಒಂದು ಶಿಲುಬೆ, ಒಂದು ಕೊಡೆ. ಒಣಸಿಗಡಿಯ ಡಬ್ಬ. ಮುಚ್ಚಿಡುವಂಥದ್ದು ಏನೂ ಇರಲಿಲ್ಲ. ಮುಚ್ಚಿಡುವುದು ಏನೂ ಇಲ್ಲದ ಕೋಣೆಯನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ನೇರವಾಗಿ ಕೇಳಿಯೇಬಿಟ್ಟೆ. "ನೀನು ನನ್ನ ಜನರನ್ನು ಯಾಕೆ ಬಿಟ್ಟು ಹೋಗುವುದು?"

ನಮ್ಮ ಮಾತು ನಡೆದದ್ದು ಕೊಂಕಣಿಯಲ್ಲಿ. ಅವನು ಚಹಾ ಆರಿಸಿಕೊಳ್ಳುತ್ತಾ ಹೇಳಿದ. "ನೀನೇ ಹೇಳಿದೆಯಲ್ಲ ಮಾರಾಯ, ನಿನ್ನ ಜನ ಅಂತ. ನಿನ್ನ ಸಮಯಕ್ಕೆ ಬಂದು ನಿಂತವರು. ಅವರನ್ನು ನಾನು ಹತ್ತಿಸಿಕೊಂಡರೆ ಕದ್ದ ಹಾಗೆ ಅಲ್ವಾ?"

"ಅಷ್ಟೆಯಾ?"

"ಅಷ್ಟೇ. ಭಾನುವಾರ ಪೂಜೆಯಲ್ಲಿ ಕೇಳಿದ್ದನ್ನು ಸೋಮವಾರ ಬಸ್ಸು ಹತ್ತುವಾಗ ಕೆಳಗೆ ಇಟ್ಟು ಹತ್ತಬೇಕು ಅಂತ ನನಗೆ ಯಾರೂ ಹೇಳಿಲ್ಲ."

ನನಗೆ ಸಿಟ್ಟು ಬಂತು. ನಿಜಕ್ಕೂ ಬಂತು. ಅರ್ಧ ಕುಡಿದ ಚಹಾ ಅಲ್ಲೇ ಇಟ್ಟು ಮೆಟ್ಟಿಲು ಇಳಿದೆ. ಅಷ್ಟು ಚಿಕ್ಕ ಉತ್ತರವನ್ನು ಯಾರು ನಂಬುತ್ತಾರೆ? ದೊಡ್ಡದೊಂದು ಸುಳ್ಳು ಹೇಳಿದ್ದರೆ ನಾನು ನೆಮ್ಮದಿಯಿಂದ ನಿದ್ದೆ ಮಾಡುತ್ತಿದ್ದೆ.

ಅದಾಗಿ ಸ್ವಲ್ಪ ದಿನಕ್ಕೆ ನನ್ನ ಬಸ್ಸಿನ ಫ್ಯಾನ್ ಬೆಲ್ಟ್ ಕಡಿಯಿತು. ಮಧ್ಯಾಹ್ನದ ಟ್ರಿಪ್ಪಿನಲ್ಲಿ ಸರದಿ ತಿರುಗುಮುರುಗು, ನಾನು ಮುಂದೆ, ಅವನು ಹಿಂದೆ. ಹಿರಿಯಡ್ಕ ದಾಟಿದ ಮೇಲೆ ಏರಿನಲ್ಲಿ ಬಸ್ಸು ಬಿಸಿಯಾಗಿ ನಿಂತುಬಿಟ್ಟಿತು. ಬಸ್ಸಿನ ತುಂಬ ಜನ. ಆಸ್ಪತ್ರೆಯ ಸಂಜೆ ಪಾಳಿಗೆ ಹೋಗುವ ಹೆಂಗಸರು, ರೋಗಿಗೆ ಊಟ ಒಯ್ಯುವವರು. ಎಲ್ಲರೂ ನನ್ನನ್ನೇ ಬೈಯುತ್ತಿದ್ದರು. ಇಂಥ ಹೊತ್ತಿನಲ್ಲಿ ಹಿಂದಿನ ಬಸ್ಸಿನವನಿಗೆ ಹಬ್ಬ. ಕೆಟ್ಟು ನಿಂತ ಬಸ್ಸಿನವರು ಅವನ ಬಸ್ಸು ಹತ್ತಿ ಹೊಸ ಟಿಕೆಟ್ ತೆಗೆಯಬೇಕು. ಹಳದಿ ಬಸ್ಸು ಬಂತು, ನಿಂತಿತು. ಅವನು ಇಳಿದು ನಮ್ಮವರನ್ನೆಲ್ಲ ಹತ್ತಿಸಿಕೊಂಡ. ನನ್ನ ಕಂಡಕ್ಟರನನ್ನೂ ಹತ್ತು ಎಂದ. ಆಮೇಲೆ ತನ್ನ ಕಂಡಕ್ಟರಿಗೆ ಹೇಳಿದ, ಇವರ ಹತ್ತಿರ ಟಿಕೆಟ್ ಉಂಟು, ಪುನಃ ಹರಿಯಬೇಡ. ಅವನ ಕಂಡಕ್ಟರ್ ಗುಮ್ಮನ ಹಾಗೆ ಮುಖ ಮಾಡಿ ಟಿಕೆಟ್ ಮಿಷನ್ನನ್ನು ಕಂಕುಳಲ್ಲಿ ಇಟ್ಟುಕೊಂಡ. ಇವತ್ತು ಸಂಜೆಯೊಳಗೆ ಈ ಸುದ್ದಿ ಎಲ್ಲಿಗೆ ಮುಟ್ಟುತ್ತದೆಂದು ಆ ಮುಖ ನೋಡಿದಾಗಲೇ ನನಗೆ ಗೊತ್ತಾಯಿತು.

ಮುಟ್ಟಿತು. ಎರಡು ದಿನ ಬಿಟ್ಟು ಕಾರ್ಕಳದ ಹಳದಿ ಬಸ್ಸಿನ ಗ್ಯಾರೇಜಿಗೆ ನಮ್ಮೆಲ್ಲರನ್ನೂ ಕರೆಸಿದರು. ಹಳದಿ ಬಸ್ಸಿನ ಧಣಿ, ನನ್ನ ಧಣಿ, ಟೈಮ್ ಕೀಪರ್, ಅವನು, ನಾನು. ಹಳದಿಯ ಧಣಿ ವಯಸ್ಸಾದವರು, ಕೆಟ್ಟವರಲ್ಲ. ಕ್ರಿಸ್ತುವರನ್ನು ನಮ್ಮ ಕಡೆ ಮರ್ಯಾದೆಗೆ ಪೊರ್ಬುಗಳು ಎನ್ನುತ್ತಾರೆ. ಅವರು ಡ್ರೈವರನನ್ನೂ ಹಾಗೆಯೇ ಕರೆಯುತ್ತಿದ್ದರು.

"ಪೊರ್ಬುಗಳೇ, ನಮ್ಮ ಬಸ್ಸಿನಲ್ಲಿ ಕೂತು ನೀಲಿ ಬಸ್ಸಿಗೆ ದುಡಿಯುವುದು ಯಾಕೆ? ನೀವಿಬ್ಬರೂ ಒಂದೇ ಜಾತಿಯವರು. ನೀಲಿಯವರು ಎಂತ ಕೊಟ್ಟಿದ್ದಾರೆ ನಿಮಗೆ?"

"ಏನೂ ಕೊಟ್ಟಿಲ್ಲ" ಎಂದ ಅವನು.

"ಸರಿ. ಹಾಗಾದರೆ ಪ್ರಮಾಣ ಮಾಡಿ. ನಮ್ಮ ದೈವದ ಎದುರು ಬೇಡ, ನಿಮಗೆ ಸಂಕಟ ಆಗ್ತದೆ. ಇಲ್ಲೇ ನಿಮ್ಮ ಇಗರ್ಜಿ ಉಂಟಲ್ಲ, ನಾನೂ ವರ್ಷ ವರ್ಷ ಮೇಣದ ಬತ್ತಿ ಹರಕೆ ಕೊಡ್ತೇನೆ. ಭಾನುವಾರ ಅಲ್ಲಿ ಬತ್ತಿ ಹಚ್ಚಿ, ಏನೂ ತಗೊಳ್ಳಲಿಲ್ಲ ಅಂತ ಒಂದು ಮಾತು ಹೇಳಿಬಿಡಿ. ಸೋಮವಾರದಿಂದ ಬಸ್ಸು ನಿಮ್ಮದೇ. ನಾನು ಪುನಃ ಕೇಳುವವನಲ್ಲ."

ಇದಕ್ಕಿಂತ ಸುಲಭದ ದಾರಿ ಉಂಟೇ? ನಮ್ಮ ಜಿಲ್ಲೆಯಲ್ಲಿ ಗದ್ದೆಯ ಅಂಚಿನ ಜಗಳದಿಂದ ಹಿಡಿದು ಕೋಳಿ ಕಳವಿನವರೆಗೆ ಎಲ್ಲವೂ ಪ್ರಮಾಣದಲ್ಲೇ ಮುಗಿಯುವುದು. ಧಣಿ ಅವನಿಗೆ ಬಾಗಿಲು ತೆರೆದು ಹಿಡಿದಿದ್ದರು.

ಅವನು ಹೇಳಿದ, "ಧಣಿಗಳೇ, ನಾನು ಆಣೆ ಹಾಕುವುದಿಲ್ಲ. ಯೇಸುಸ್ವಾಮಿ ಆಣೆ ಹಾಕಬೇಡಿ ಅಂತಲೇ ಹೇಳಿದ್ದು. ನಾನು ತಗೊಳ್ಳಲಿಲ್ಲ. ಇಲ್ಲ ಅಂದರೆ ಇಲ್ಲ."

ಟೈಮ್ ಕೀಪರ್ ತುಟಿಯ ಮೂಲೆಯಲ್ಲಿ ನಕ್ಕ. ಸಿಕ್ಕಿಬಿದ್ದ ಎಂದು ಎಲ್ಲರ ಮುಖದಲ್ಲೂ ಬರೆದಿತ್ತು. ನನಗೆ ಅವನ ಅಂಗಿ ಹಿಡಿದು ಅಲುಗಾಡಿಸಬೇಕು ಎನ್ನಿಸಿತು. ಎಂಥ ಪೆದ್ದ! ಕಳ್ಳನಾಗಿದ್ದರೆ ಎರಡು ಬತ್ತಿ ಹಚ್ಚಿ ಹತ್ತು ಆಣೆ ಹಾಕಿ ಬರುತ್ತಿದ್ದ. ಅದೇ ಗಳಿಗೆಯಲ್ಲಿ ಇನ್ನೊಂದು ಹುಳ ತಲೆಗೆ ಹೊಕ್ಕಿತು. ನಾನಂತೂ ಅವನಿಗೆ ಏನೂ ಕೊಟ್ಟಿರಲಿಲ್ಲ. ನನ್ನ ಧಣಿ ಕೊಟ್ಟಿದ್ದರೆ? ತಿರುಗಿ ನೋಡಿದೆ. ನನ್ನ ಧಣಿ ತಲೆ ಬಗ್ಗಿಸಿ ಫೋನು ಉಜ್ಜುತ್ತಿದ್ದ.

"ಮಾತು ಎಲ್ಲರೂ ಕೊಡ್ತಾರೆ ಪೊರ್ಬುಗಳೇ" ಎಂದರು ಹಳದಿಯ ಧಣಿ. ಅವರಿಗೂ ಬೇಸರವಾದ ಹಾಗಿತ್ತು. "ಭಾನುವಾರದ ತನಕ ಮನೆಯಲ್ಲಿರಿ. ಯೋಚನೆ ಮಾಡಿ. ಪ್ರಮಾಣ ಇಲ್ಲದಿದ್ದರೆ ಬಸ್ಸೂ ಇಲ್ಲ."

ಅವನು ಕಾಪುವಿಗೆ ಹೋದ. ಐವತ್ತು ದಾಟಿದ ಮನುಷ್ಯ, ಒಬ್ಬ ಧಣಿ ಅನುಮಾನದ ಮೇಲೆ ಕಳಿಸಿದರೆ ಇನ್ನೊಬ್ಬ ಧಣಿ ಕೆಲಸ ಕೊಡುವುದಿಲ್ಲ. ಅದು ಅವನಿಗೂ ಗೊತ್ತಿತ್ತು. ಹಳದಿ ಬಸ್ಸಿಗೆ ಬದಲಿ ಡ್ರೈವರ್ ಬಂದ. ಮರುದಿನದಿಂದಲೇ ತೆವಳಾಟ ಶುರು. ಹಿರಿಯಡ್ಕದಲ್ಲಿ ನನಗೆ ಸಿಕ್ಕಿದ್ದು ಒಂದು ನಾಯಿ, ಒಂದು ಖಾಲಿ ಬೆಂಚು. ಪರ್ಕಳದಲ್ಲಿ ಅದೂ ಇಲ್ಲ.

"ಆ ಹುಚ್ಚ ಮನಷ್ಯಾನ ಚಲೋ ಇದ್ದ ನೋಡ್ರಿ" ಎಂದ ನನ್ನ ಕಂಡಕ್ಟರ್, ಖಾಲಿ ಸೀಟಿನಲ್ಲಿ ಕಾಲು ಚಾಚಿ.

ಶನಿವಾರ ನಾನು ನನ್ನ ಧಣಿಯನ್ನು ಕೇಳಿದೆ, ಹಳದಿ ಬಸ್ಸಿನವನಿಗೆ ನೀವು ಏನಾದರೂ ಕೊಟ್ಟದ್ದು ಉಂಟಾ ಎಂದು. "ನನಗೆಂತ ಹುಚ್ಚಾ?" ಎಂದ. ಹಾಗೆ ಕೇಳಿದ್ದಕ್ಕೆ ಅವನಿಗೆ ಅವಮಾನವಾಯಿತು, ಮುಖ ಕೆಂಪಾಯಿತು. ಆ ಕೆಂಪನ್ನು ನಾನು ನಂಬಿದೆ. ಮಾತನ್ನು ನಂಬಿದ್ದೆನೋ ಇಲ್ಲವೋ ಹೇಳಲಾರೆ.

ಭಾನುವಾರ ಎರಡನೆಯ ಪೂಜೆ ಮುಗಿದ ಮೇಲೆ ನಾನು ಇಗರ್ಜಿಯ ಅಂಗಳದಲ್ಲಿ ನಿಂತಿದ್ದೆ. ಹಳದಿಯ ಧಣಿ ಬಂದರು. ಅವನೂ ಬಂದಿದ್ದ, ಇಸ್ತ್ರಿಯ ಅಂಗಿ ಹಾಕಿಕೊಂಡು, ಆಣೆ ಹಾಕುವುದಿಲ್ಲ ಎಂದು ಇನ್ನೊಮ್ಮೆ ಹೇಳಲಿಕ್ಕೆ. ಹೇಳಿದ. ಧಣಿ ನಿಟ್ಟುಸಿರು ಬಿಟ್ಟು ತಿರುಗಿದರು. ಆಗ ನಾನು ಅಡ್ಡ ನಿಂತೆ.

"ಧಣಿಗಳೇ, ತಗೊಂಡವನ ಪ್ರಮಾಣವೇ ಯಾಕೆ? ಕೊಟ್ಟವನದ್ದು ಆದರೂ ಆಗ್ತದಲ್ಲ. ನಾನು ಮಾಡ್ತೇನೆ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಆದೀತು" ಎಂದರು.

ಸಂತರ ಪ್ರತಿಮೆಯ ಎದುರು ಬತ್ತಿ ಹಚ್ಚಿದೆ. ಎರಡು ಸಲ ನಂದಿತು, ಮೂರನೆಯ ಸಲ ಹಚ್ಚಿದೆ. ನಾನಾಗಲಿ, ನನ್ನ ಕಡೆಯವರಾಗಲಿ ಈ ಮನುಷ್ಯನಿಗೆ ಏನೂ ಕೊಟ್ಟಿಲ್ಲ, ಸುಳ್ಳಾದರೆ ನನ್ನ ಮನೆ ಹಾಳಾಗಲಿ ಎಂದೆ. ನನ್ನ ಕಡೆಯವರು ಎಂಬ ಮಾತು ಬಾಯಿಂದ ಹೊರಗೆ ಬಿದ್ದ ಮೇಲೆ, ಅದರಲ್ಲಿ ನನ್ನ ಧಣಿಯೂ ಸೇರಿದ ಎಂದು ಹೊಳೆಯಿತು. ಧಣಿಯ ಕೆಂಪು ಮುಖವೊಂದನ್ನೇ ನಂಬಿ ನಾನು ಹೆಂಡತಿ ಮಗಳನ್ನು ಪಣಕ್ಕೆ ಇಟ್ಟಿದ್ದೆ. ಯಾಕೆ ಇಟ್ಟೆ? ಬಸ್ಸು ಖಾಲಿ ಓಡುತ್ತಿತ್ತು, ಅವನು ವಾಪಸು ಬಂದರೆ ತುಂಬುತ್ತದೆ, ಅದಕ್ಕೇ ಎಂದು ನನಗೆ ನಾನೇ ಹೇಳಿಕೊಂಡೆ. ಲಾಭದ ಲೆಕ್ಕವಾದರೆ ಅರ್ಥವಾಗುತ್ತದೆ, ಮನಸ್ಸಿಗೆ ಹಗುರ.

ಸೋಮವಾರ ಅವನು ಹಳದಿ ಬಸ್ಸಿನಲ್ಲಿದ್ದ. ಮಣಿಪಾಲದಲ್ಲಿ ಎರಡೂ ಬಸ್ಸು ಒಟ್ಟಿಗೆ ನಿಂತಾಗ ಇಳಿದು ನನ್ನ ಕಿಟಕಿಯ ಹತ್ತಿರ ಬಂದ. ಉಪಕಾರವಾಯಿತು ಎನ್ನುತ್ತಾನೆಂದು ನಾನು ಗತ್ತಿನಲ್ಲಿ ಕೂತಿದ್ದೆ.

"ನೀನು ಆಣೆ ಹಾಕಬಾರದಿತ್ತು ಮಾರಾಯ" ಎಂದ.

ನನಗೆ ರಕ್ತ ತಲೆಗೇರಿತು. "ಎಂತ? ನಿನ್ನ ಕೆಲಸ ಉಳಿಸಿದ್ದು ನಾನು!"

"ಗೊತ್ತುಂಟು. ನನಗೋಸ್ಕರ ಹಾಕಿದೆಯಲ್ಲ, ರಾತ್ರಿಯಿಡೀ ಅದೇ ಸಂಕಟ." ಅವನ ಕಣ್ಣು ಒದ್ದೆಯಾಗಿತ್ತು. ಬಾಳೆ ಎಲೆಯಲ್ಲಿ ಸುತ್ತಿದ, ಕಟ್ಟಿದ ಮಲ್ಲಿಗೆಯ ಒಂದು ಚೆಂಡನ್ನು ಕಿಟಕಿಯೊಳಗೆ ಇಟ್ಟ. "ಮನೆಯದ್ದು. ನಿನ್ನ ಮಾತೆಗೆ ಹಾಕು." ನನ್ನ ಬಸ್ಸಿನ ಗಾಜಿನ ಎದುರು ಮರಿಯಮ್ಮನವರ ಸಣ್ಣ ಪ್ರತಿಮೆ ಇತ್ತು. ಅದರ ಕೊರಳಿಗೆ ಹಾಕಿದೆ. ಉಡುಪಿಯವರೆಗೆ ಬಸ್ಸೆಲ್ಲ ಮಲ್ಲಿಗೆ ಘಮಘಮಿಸಿತು.

ಆ ಮಲ್ಲಿಗೆಯೇ ನನಗೆ ಮುಳುವಾಯಿತು. ಮಣಿಪಾಲದಲ್ಲಿ ನೋಡಿದವರು ಯಾರೋ ಟೈಮ್ ಕೀಪರನಿಗೆ ಹೇಳಿದರು, ಅವನು ನನ್ನ ಧಣಿಗೆ ಹೇಳಿದ. ಮೊದಲೇ ನನ್ನ ಮೇಲೆ ಉರಿಯುತ್ತಿದ್ದ ಧಣಿ ಮರುದಿನ ಸಂಜೆ ಆಫೀಸಿಗೆ ಕರೆದ.

"ಹಳದಿ ಬಸ್ಸಿನವನಿಗೋಸ್ಕರ ನೀನು ಯಾಕೆ ಪ್ರಮಾಣ ಮಾಡಿದ್ದು? ಹೂವು ಬೇರೆ ಬಂತಂತೆ. ನಿನಗೆ ಎಂತ ಸಿಕ್ಕಿತು?"

"ಏನೂ ಸಿಗಲಿಲ್ಲ" ಎಂದೆ.

"ಏನೂ ಸಿಗದೆ ಯಾರಾದರೂ ಹೆಂಡತಿ ಮಕ್ಕಳ ಮೇಲೆ ಆಣೆ ಹಾಕ್ತಾರಾ? ನನಗೆ ಕಿವಿಗೆ ಹೂ ಇಡಬೇಡ. ಹಳದಿಯವರು ನಿನ್ನನ್ನು ಎಳೆದುಕೊಂಡಿದ್ದಾರೆ, ಅಲ್ವಾ?"

ನನ್ನ ಬಾಯಲ್ಲಿ ಉತ್ತರ ಸಿದ್ಧವಿತ್ತು. ಅವನಿದ್ದರೆ ನಮ್ಮ ಬಸ್ಸು ತುಂಬುತ್ತದೆ ಧಣಿಗಳೇ, ನಿಮ್ಮ ಲಾಭಕ್ಕೇ ಮಾಡಿದ್ದು. ಅಷ್ಟು ಹೇಳಿದ್ದರೆ ಅವನು ನಕ್ಕು, ಬೆನ್ನು ತಟ್ಟಿ, ಚಹಾ ತರಿಸುತ್ತಿದ್ದ. ಬಾಯಿಯವರೆಗೆ ಬಂದ ಆ ಮಾತನ್ನು ನಾನೇ ಮೂಸಿ ನೋಡಿದೆ. ಸುಳ್ಳಿನ ವಾಸನೆ ಬಂತು. ಎರಡು ಸಲ ನಂದಿದ ಬತ್ತಿಯನ್ನು ಮೂರನೆಯ ಸಲ ಹಚ್ಚಿದ್ದು ಬಸ್ಸು ತುಂಬಲಿ ಎಂದಲ್ಲ. ಆ ಇಸ್ತ್ರಿಯ ಅಂಗಿಯವನು ಇಗರ್ಜಿಯ ಅಂಗಳದಿಂದ ಕೆಲಸವಿಲ್ಲದೆ ನಡೆದುಹೋಗುವುದನ್ನು ನನ್ನಿಂದ ನೋಡಲಾಗಲಿಲ್ಲ. ಕಾರಣ ಅಷ್ಟೇ ಇತ್ತು. ಅವನ ಉತ್ತರದಷ್ಟೇ ಚಿಕ್ಕದು.

ಧಣಿ ದನಿ ಇಳಿಸಿದ. "ಸರಿ. ಅವರಿಗೆ ಮಾಡಿದ್ದನ್ನು ನನಗೂ ಮಾಡು. ಅದೇ ಇಗರ್ಜಿ, ಅದೇ ಬತ್ತಿ. ಏನೂ ಸಿಗಲಿಲ್ಲ ಅಂತ ಹೇಳು. ನಾಳೆಯಿಂದ ನೀಲಿ ಬಸ್ಸು ನಿನ್ನದೇ."

"ಆಣೆ ಹಾಕುವುದಿಲ್ಲ" ಎಂದೆ.

"ಮೊನ್ನೆ ಹಾಕಿದೆಯಲ್ಲ!"

"ಮೊನ್ನೆ ಹಾಕಿದೆ. ಇನ್ನು ಹಾಕುವುದಿಲ್ಲ. ಸಿಗಲಿಲ್ಲ ಅಂದರೆ ಸಿಗಲಿಲ್ಲ."

ಅವನ ಮುಖದಲ್ಲಿ ಗ್ಯಾರೇಜಿನ ಆ ದಿನದ ನಗು ಕಾಣಿಸಿತು. ಸಿಕ್ಕಿಬಿದ್ದ ಎಂಬ ನಗು. ಕೀಲಿ ಮೇಜಿನ ಮೇಲೆ ಇಟ್ಟೆ. ಮರಿಯಮ್ಮನವರನ್ನು ಗಾಜಿನ ಎದುರಿನಿಂದ ಕಿತ್ತುಕೊಂಡು, ಬಾಡಿದ ಮಲ್ಲಿಗೆ ಸಮೇತ ಅಂಗಿಯ ಜೇಬಿಗೆ ಹಾಕಿಕೊಂಡು ಮನೆಗೆ ಬಂದೆ. ಹೆಂಡತಿಗೆ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ, ಅತ್ತಳು, ಆಮೇಲೆ ಅನ್ನ ಬಡಿಸಿದಳು.

ಕೆಲಸ ಸಿಗುವುದಕ್ಕೆ ಮುಂದಿನ ಮಳೆಗಾಲ ಬರಬೇಕಾಯಿತು. ಈಗ ಕಾಪುವಿನಿಂದ ಉಡುಪಿಗೆ ಒಂದು ಹಳೆಯ ಬಸ್ಸು ಓಡಿಸುತ್ತಿದ್ದೇನೆ. ನಾನು ಭಾರಿ ಒಳ್ಳೆಯವನಾಗಿಬಿಟ್ಟೆ ಎಂದು ಯಾರೂ ತಿಳಿಯಬೇಡಿ. ಬೈಯುತ್ತೇನೆ, ಹಾರ್ನು ಬಡಿಯುತ್ತೇನೆ, ಎದುರು ಬರುವವನ ಮೇಲೆಲ್ಲ ಅನುಮಾನಪಡುತ್ತೇನೆ. ತೆವಳುವುದಿಲ್ಲ, ಅಷ್ಟೇ. ನನ್ನ ಸಮಯಕ್ಕೆ ನಿಂತವರನ್ನು ಹತ್ತಿಸಿಕೊಂಡು ಹೋಗುತ್ತೇನೆ, ಉಳಿದವರಿಗೆ ಹಿಂದೆ ಬಸ್ಸು ಉಂಟೆಂದು ಸನ್ನೆ ಮಾಡುತ್ತೇನೆ.

ಮೊನ್ನೆ ಉಡುಪಿ ಸ್ಟ್ಯಾಂಡಿನಲ್ಲಿ ನನ್ನ ಹಿಂದಿನ ಬಸ್ಸಿನ ಡ್ರೈವರ್ ಕಿಟಕಿಯ ಹತ್ತಿರ ಬಂದು ನಿಂತ. ನನಗಿಂತ ಬಹಳ ಸಣ್ಣವನು, ಕಣ್ಣು ಮಾತ್ರ ಈ ಲೈನಿನಲ್ಲಿ ಪಳಗಿದ್ದು. ನನ್ನ ಬಸ್ಸಿನೊಳಗೆ, ಸೀಟಿನ ಅಡಿಗೆ, ಮರಿಯಮ್ಮನವರ ಹಿಂದೆ ಎಲ್ಲ ಆ ಕಣ್ಣು ಹೋಗಿ ಬಂತು.

"ಅಣ್ಣಾ, ಎಂತ ಉಂಟು ನಿಮ್ಮ ತಲೆಯಲ್ಲಿ? ನನ್ನ ಜನರನ್ನು ಯಾಕೆ ಬಿಟ್ಟು ಹೋಗುವುದು?"

"ಅವರು ನಿನ್ನ ಜನ ಅಲ್ವಾ, ಅದಕ್ಕೆ" ಎಂದೆ.

ಅವನು ನಂಬಲಿಲ್ಲ. ಅವನ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ.